ಪೂರ್ತಿ ಕೇಳುವ ವಕೀಲರು

ನಮ್ಮೂರಿನಲ್ಲಿ ಯಾರೂ ಯಾರ ಮಾತನ್ನೂ ಕೊನೆತನಕ ಕೇಳುವುದಿಲ್ಲ. ಹೊರಗಿನಿಂದ ಬಂದವರು ಇದನ್ನು ಒರಟುತನ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ, ಅವರೇನು ಇಲ್ಲಿ ಸಂಸಾರ ಮಾಡಬೇಕೆ? ಇಲ್ಲಿ ಒಬ್ಬರ ನೋವನ್ನು ಮೊದಲಿನಿಂದ ಕಟ್ಟಕಡೆಯ ಮಾತಿನವರೆಗೆ ಕೇಳಿದರೆ ಆ ನೋವು ಹೇಳಿದವರನ್ನು ಬಿಟ್ಟು ಕೇಳಿದವರಿಗೆ ಬಂದು ಸೇರುತ್ತದೆ. ಇಬ್ಬರು ಕೇಳಿದರೆ ಅರ್ಧರ್ಧ, ಹತ್ತು ಮಂದಿ ಕೇಳಿದರೆ ಹತ್ತು ಪಾಲು. ಗೋಡೆಗೆ, ಗಿಡಕ್ಕೆ, ಎಮ್ಮೆಗೆ ಹೇಳಿಕೊಂಡರೆ ಹೋಗುವುದಿಲ್ಲ. ಊರಿನವರು ಅದನ್ನೆಲ್ಲ ಮಾಡಿ ನೋಡಿಯಾಗಿದೆ. ಬರೆದದ್ದನ್ನು ಓದಿದರೂ ದಾಟುವುದಿಲ್ಲ, ಹಾಗಾಗಿ ನೀವು ಇದನ್ನು ನಿಶ್ಚಿಂತೆಯಿಂದ ಓದಬಹುದು.

ನಾವು ಇದಕ್ಕೆ ಹೊಂದಿಕೊಂಡಿದ್ದೇವೆ. ಎದುರಿನವರು "ನಿನ್ನೆಯಿಂದ ಸೊಂಟ..." ಎಂದು ಶುರು ಮಾಡುತ್ತಿದ್ದಂತೆ ಅಂಗೈ ಎತ್ತಿ "ಸಾಕ್ರಿ, ತಿಳೀತು" ಎನ್ನುವುದು ನಮ್ಮಲ್ಲಿ ಮರ್ಯಾದೆ. ಡಾಕ್ಟರು ಅರ್ಧ ಕೇಳಿ, ಉಳಿದರ್ಧ ಊಹಿಸಿ ಔಷಧಿ ಕೊಡುತ್ತಾರೆ. ಅರ್ಧ ಜನಕ್ಕೆ ಗುಣವೂ ಆಗುತ್ತದೆ. ಹೊಸದಾಗಿ ಮದುವೆಯಾದವರು ಮಾತ್ರ ಒಬ್ಬರನ್ನೊಬ್ಬರು ಪೂರ್ತಿ ಕೇಳುತ್ತಾರೆ. ಅವಳ ತಲೆನೋವು ಅವನಿಗೆ, ಅವನ ಹೊಟ್ಟೆನೋವು ಅವಳಿಗೆ ಅದಲುಬದಲಾಗಿ, ಮೂರನೆಯ ತಿಂಗಳಿಗೆ ಅವರೂ ಅಂಗೈ ಎತ್ತುವುದನ್ನು ಕಲಿಯುತ್ತಾರೆ. ಕೋರ್ಟಿನಲ್ಲಿ ಫಿರ್ಯಾದಿ "ಆದ್ದರಿಂದ" ಎಂಬಲ್ಲಿಗೆ ಬಂದನೆಂದರೆ ಜಡ್ಜರು ಗಂಟಲು ಸರಿಮಾಡಿಕೊಂಡು ನೀರು ಕುಡಿಯಲು ಎದ್ದುಹೋಗುತ್ತಾರೆ. ಹೀಗೆ ಚೆನ್ನಾಗಿಯೇ ನಡೆದಿದೆ ನಮ್ಮ ಬದುಕು.

ಅಂಥ ಊರಿನಲ್ಲಿ ವಕೀಲ ಅಡಿವೆಪ್ಪ ಹಂಚಿನಾಳರು ಎಮ್ಮೆಲ್ಲೆ ಆಗಲು ಹೊರಟರು. ನಾನು ಅವರ ಆಫೀಸಿನಲ್ಲಿ ಹನ್ನೊಂದು ವರ್ಷ ಟೈಪಿಸ್ಟ್ ಆಗಿದ್ದವಳು. ಹೆಸರು ನೀಲವ್ವ. ಹಿಂದೆ ಮುಂದೆ ಯಾರೂ ಇಲ್ಲ, ಹತ್ತು ಬೆರಳುಗಳಿದ್ದವು, ಅವುಗಳ ಮೇಲೆ ಬದುಕು ನಡೆದಿತ್ತು. ನನ್ನ ಟೈಪಿಂಗಿನಲ್ಲಿ ಒಂದು ತಪ್ಪು ಹುಡುಕಿಕೊಡಿ ಎಂದು ಕೋರ್ಟಿನ ಕಟ್ಟೆಯ ಮೇಲೆ ನಿಂತು ಸವಾಲು ಹಾಕಬಲ್ಲವಳಾಗಿದ್ದೆ. ವಕೀಲರ ಹೆಗ್ಗಳಿಕೆ ಬೇರೆ ಥರದ್ದು. ಐವತ್ತೆರಡು ವಯಸ್ಸಿನಲ್ಲೂ ಅವರಿಗೆ ಒಂದು ಹಲ್ಲು ಅಲುಗಿರಲಿಲ್ಲ, ಒಂದು ಕೀಲು ಸದ್ದು ಮಾಡಿರಲಿಲ್ಲ. ಕಕ್ಷಿದಾರ ಬಾಯಿ ತೆರೆಯುವ ಮೊದಲೇ "ಬರಕೊಂಡು ಬರ್ರಿ" ಎಂದು ಬಾಗಿಲಿನಿಂದಲೇ ವಾಪಸು ಕಳಿಸುತ್ತಿದ್ದರು. ಹೆಂಡತಿಯ ಮಾತನ್ನೂ ಚೀಟಿಯಲ್ಲೇ ತರಿಸಿಕೊಳ್ಳುತ್ತಿದ್ದರೆಂದು ಅವರ ಮನೆಯ ಅಡುಗೆಯಾಕೆ ಹೇಳುತ್ತಿದ್ದಳು. ಯಾರ ಮಾತನ್ನೂ ಕೇಳದ ಮನುಷ್ಯನ ಮೈ ಹಾಗೆ ಹೊಳೆಯುತ್ತಿರುತ್ತದೆ.

ನಮ್ಮ ಕ್ಷೇತ್ರದಲ್ಲಿ ಮೊರದ ಗುರುತಿನ ಪಕ್ಷದ ಟಿಕೆಟ್ ಸಿಕ್ಕಿತೆಂದರೆ ಗೆದ್ದಂತೆಯೇ. ಮೊರ ಕಟ್ಟಿ ಕತ್ತೆಯನ್ನು ನಿಲ್ಲಿಸಿದರೂ ಜನ ಅದಕ್ಕೇ ಓಟು ಹಾಕುತ್ತಾರೆ, ಹಾಕಿದ್ದಾರೆ ಕೂಡ. ಆದ್ದರಿಂದ ನಿಜವಾದ ಕಾದಾಟ ನಡೆಯುವುದು ಪಕ್ಷದ ಒಳಚುನಾವಣೆಯಲ್ಲಿ. ಯಾರನ್ನು ನಿಲ್ಲಿಸಬೇಕೆಂದು ಪಕ್ಷದ ಸದಸ್ಯರೆಲ್ಲ ಚೀಟಿ ಹಾಕುತ್ತಾರೆ, ಊರಿನಲ್ಲಿ ಮುಕ್ಕಾಲು ಪಾಲು ಜನ ಸದಸ್ಯರೇ. ಆ ಸಲ ಒಂದು ಟಿಕೆಟ್ಟಿಗೆ ಹದಿನೇಳು ಮಂದಿ ನಿಂತಿದ್ದರು. ಎಣ್ಣೆ ಗಿರಣಿಯ ಮಾಲೀಕ, ಅವನನ್ನು ಸೋಲಿಸುವುದೊಂದೇ ಗುರಿಯಾಗಿದ್ದ ಅವನ ತಮ್ಮ, ಹೊಟ್ಟೆ ಬಿಟ್ಟ ಒಬ್ಬ ಮಾಜಿ ಪೈಲ್ವಾನ, ರಿಟೈರಾದ ಮೂವರು ಹೆಡ್ಮಾಸ್ತರರು, ತಾನು ಯಾಕೆ ನಿಂತಿದ್ದೇನೆಂದು ತನಗೇ ತಿಳಿಯದ ಒಬ್ಬ ಫೋಟೋಗ್ರಾಫರು, ಇನ್ನೂ ಯಾರ್‍ಯಾರೋ. ಹದಿನೇಳೂ ಆಟೋಗಳ ಮೈಕುಗಳು ಚೌಕದಲ್ಲಿ ಒಟ್ಟಿಗೆ ಸೇರಿದ ದಿನ ಊರ ನಾಯಿಗಳು ಹೊಲದ ಕಡೆಗೆ ಹೋದವು. ಆ ಗದ್ದಲದಲ್ಲಿ ನಮ್ಮ ವಕೀಲರ ಹೆಸರು ಹನ್ನೆರಡನೆಯದೋ ಹದಿಮೂರನೆಯದೋ ಆಗಿತ್ತು.

ಒಂದು ಬೆಳಿಗ್ಗೆ ಅವರು ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು.

"ನೀಲವ್ವಾ, ಹದಿನಾರು ಮಂದಿ ಮಾತಾಡಾಕತ್ತಾರ. ನಾ ಒಬ್ಬನ ಕೇಳಾಂವ ಆದ್ರ ಹೆಂಗ?"

"ಕೇಳಿದ್ರ ನಿಮಗ ಬರತೈತಲ್ರಿ ಸಾಹೇಬ್ರ."

"ನನಗ ಯಾಕ ಬರತೈತಿ? ನಾ ಕಿವಿಯಾಗ ಮೇಣ ಹಚ್ಚಿದ ಹತ್ತಿ ಇಟ್ಕೊಂಡು ಕುಂದರ್ತೀನಿ. ಕೇಳಾಕಿ ನೀನು. ಬಾಜೂಕ ಕುಂತು ಬರಕೋ. ಟೈಪಿಸ್ಟ್ ಕಡೆ ಯಾರು ನೋಡ್ತಾರ?"

ಅವರು ಕುರ್ಚಿಯಿಂದ ಎದ್ದು ನಾನು ನಿಂತಲ್ಲಿಗೆ ಬಂದರು. ಹನ್ನೊಂದು ವರ್ಷದಲ್ಲಿ ಅದು ಮೊದಲ ಸಲ. "ಒಂಬತ್ತು ದಿನದ ಮಾತು. ನಾ ಗೆದ್ದ ಮ್ಯಾಲೆ ನಿನ್ನ ಮುಂದ ಕುಂತು, ಹತ್ತಿ ತಗದು, ನೀ ಕೇಳಿದ್ದನ್ನೆಲ್ಲಾ ನಿನ್ನ ಬಾಯಿಂದ ಪೂರ್ತಿ ಕೇಳ್ತೀನಿ. ಎಲ್ಲಾ ನನಗ ಬರ್ಲಿ. ಬೇಕಾದ್ರ ಕರಾರು ಮಾಡಿಕೊಡ್ತೀನಿ."

ಮಾಡಿಯೂ ಕೊಟ್ಟರು. ಅವರು ಹೇಳುತ್ತ ಹೋದರು, ನಾನೇ ಟೈಪು ಮಾಡಿದೆ. ಸದರಿ ನೀಲವ್ವಳ ಮೈಯಲ್ಲಿ ಸಂಗ್ರಹವಾದ ಸಮಸ್ತ ಅಹವಾಲುಗಳನ್ನು ಸದರಿ ವಕೀಲರು ಗೆದ್ದ ನಂತರ ಪೂರ್ತಿಯಾಗಿ ಆಲಿಸತಕ್ಕದ್ದು ಎಂದಿತ್ತು ಅದರಲ್ಲಿ. ಯಾವ ದಿನ ಆಲಿಸತಕ್ಕದ್ದು ಎಂಬ ತಾರೀಖು ಇರಲಿಲ್ಲ. ಸಾವಿರಾರು ಕರಾರು ಬಡಿದ ಈ ಬೆರಳುಗಳು ತಮ್ಮದೇ ಕರಾರಿನಲ್ಲಿ ತಾರೀಖು ಮರೆತವು. ವಕೀಲರನ್ನು ಬೈಯುವ ಮುಂಚೆ ನನಗೂ ಒಂದು ಬೈಗುಳ ಇರಲಿ. ಒಲ್ಲೆ ಎಂದಿದ್ದರೆ ಮಾರನೆಯ ದಿನ ನನ್ನ ಸ್ಟೂಲಿನ ಮೇಲೆ ಬೇರೆಯವರು ಕೂತಿರುತ್ತಿದ್ದರು, ಅದು ನಿಜ. ಆದರೆ ಊರೆಲ್ಲ ಹೇಳಿಕೊಳ್ಳಲು ಬರುವ ಜಾಗದಲ್ಲಿ ನಿಜವಾಗಿ ಕೇಳುವವಳು ನಾನು ಎಂಬ ಸಣ್ಣ ಜಂಬವೂ ಇತ್ತು.

ಆಫೀಸಿನ ಮುಂದೆ ಪೆಂಡಾಲು ಹಾಕಿಸಿ, "ಪೂರ್ತಿ ಕೇಳುವ ವಕೀಲರು" ಎಂದು ಬೋರ್ಡು ಕಟ್ಟಿಸಿದರು. ಮೊದಲ ದಿನ ಯಾರೂ ಬರಲಿಲ್ಲ. ಇದರಲ್ಲಿ ಏನೋ ಮೋಸವಿದೆ ಎಂದು ದೂರ ನಿಂತು ನೋಡಿದರು. ಆಗ ಅವರಿಗೆ ಇದ್ದ ಬುದ್ಧಿ ಕೊನೆಯವರೆಗೂ ಇದ್ದಿದ್ದರೆ ಚೆನ್ನಾಗಿತ್ತು. ಎರಡನೆಯ ದಿನ ನೇಕಾರ ಈರಪ್ಪ ಬಂದ. ಅವನ ಎರಡೂ ಕೈ ನಡುಗುತ್ತಿದ್ದವು, ನಾಲ್ಕು ವರ್ಷದಿಂದ ಮಗ್ಗದ ಮೇಲೆ ಕೂತಿರಲಿಲ್ಲ. ಅವನು ತಡವರಿಸುತ್ತ ಹೇಳಿದ, ವಕೀಲರು ತಲೆದೂಗುತ್ತ ಕುಳಿತರು, ನಾನು ಬರೆದುಕೊಂಡೆ. ಅವನ ಮಾತು ಮುಗಿದಾಗ ನಾನು ಪೆನ್ನಿಗೆ ಟೋಪಿ ಹಾಕಿದೆ. ಅದು ನಮ್ಮ ಗುರುತು. ವಕೀಲರು ಕಣ್ಣು ಮುಚ್ಚಿ, ಎದೆ ಹಿಡಿದುಕೊಂಡು "ಯವ್ವಾ!" ಎಂದು ನರಳಿದರು. ಯಾರು ಏನೇ ಹೇಳಲಿ, ಹಲ್ಲಿನದಿರಲಿ ಹಿಮ್ಮಡಿಯದಿರಲಿ, ಅವರು ಎದೆಯನ್ನೇ ಹಿಡಿದುಕೊಳ್ಳುತ್ತಿದ್ದರು. ಕೇಳಿದ್ದರೆ ತಾನೇ ಎಲ್ಲಿ ಹಿಡಿದುಕೊಳ್ಳಬೇಕೆಂದು ತಿಳಿಯುವುದು? ಈರಪ್ಪ ತನ್ನ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡ. ಅವು ಅಲುಗದೆ ನಿಂತಿದ್ದವು. ಅವನು ವಕೀಲರ ಕಾಲಿಗೆ ಬಿದ್ದು ಅತ್ತ. ನನ್ನ ಪೆನ್ನು ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು, ಎತ್ತಿಕೊಳ್ಳಲು ಎರಡು ಸಲ ಪ್ರಯತ್ನಿಸಬೇಕಾಯಿತು. ಅದನ್ನು ಯಾರೂ ನೋಡಲಿಲ್ಲ.

ಮೂರನೆಯ ದಿನದಿಂದ ಸಾಲು ಚೌಕದವರೆಗೆ ಬೆಳೆಯಿತು, ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ಒಬ್ಬ ಮಾಸ್ತರರ ದವಡೆ ಹಲ್ಲು, ಹೂ ಮಾರುವ ಅಜ್ಜಿಯ ಎಡ ಮೊಣಕಾಲು, ಬೇಕರಿಯವನ ಒಣಕೆಮ್ಮು, ಒಬ್ಬಳ ಅರೆತಲೆನೋವು, ಹವಾಲ್ದಾರ ತಿಪ್ಪಣ್ಣನ ಮೂಲವ್ಯಾಧಿ. ಆ ತಿಪ್ಪಣ್ಣ ತನ್ನದನ್ನು ಎಷ್ಟು ವಿವರವಾಗಿ ಹೇಳಿದನೆಂದರೆ ಬರೆದುಕೊಳ್ಳಲು ನನಗೇ ನಾಚಿಕೆಯಾಯಿತು. ಒಂಬತ್ತು ದಿನ ಮುಗಿಯುವಷ್ಟರಲ್ಲಿ ಇಪ್ಪತ್ತಾರು ನೋವುಗಳು ನನ್ನೊಳಗೆ ಬಿಡಾರ ಹೂಡಿದ್ದವು. ಕೂತರೆ ತಿಪ್ಪಣ್ಣನದು, ನಿಂತರೆ ಅಜ್ಜಿಯದು, ಅನ್ನ ಬಾಯಿಗಿಟ್ಟರೆ ಮಾಸ್ತರರದು. ಸಹಿಸಿದೆ. ಕರಾರು ಟ್ರಂಕಿನಲ್ಲಿತ್ತು.

ಕೊನೆಯ ದಿನ ಬಂದವಳು ಫಕೀರವ್ವ. ಮಂಡಕ್ಕಿ ಭಟ್ಟಿಯಲ್ಲಿ ಹುರಿಯುವ ಕೆಲಸದವಳು, ಕೈಯೆಲ್ಲ ಬೂದಿ. ಅವಳಿಗೆ ಮೈನೋವು ಇರಲಿಲ್ಲ. ಒಂಬತ್ತು ವರ್ಷದ ಮಗಳು ಕಸ್ತೂರಿ ಜ್ವರದಲ್ಲಿ ಹೋಗಿ ಎಂಟು ತಿಂಗಳಾಗಿತ್ತು. ಹುಡುಗಿ ಭಟ್ಟಿಗೆ ಬಂದಾಗಲೆಲ್ಲ ಫ್ರಾಕಿನ ಜೇಬಿನ ತುಂಬ ಮಂಡಕ್ಕಿ ಕದ್ದು ತುಂಬಿಕೊಂಡು ಹೋಗುತ್ತಿದ್ದಳಂತೆ. ಆ ಫ್ರಾಕು ಒಗೆಯಲು ಹೋದಾಗ ಜೇಬಿನಲ್ಲಿ ಆರು ಕಾಳು ಸಿಕ್ಕವು ಎಂದು ಹೇಳಿ ಅವಳು ಮಾತು ನಿಲ್ಲಿಸಿದಳು. ಅಷ್ಟೇ ಅವಳ ಕಥೆ. ನಾನು ಪೆನ್ನಿಗೆ ಟೋಪಿ ಹಾಕಬೇಕಿತ್ತು, ಹಾಕಲು ಆಗಲಿಲ್ಲ. ಉಳಿದ ಇಪ್ಪತ್ತೈದನ್ನು ಒಂದು ಕಡೆ ಇಟ್ಟು ಇದೊಂದನ್ನೇ ಇನ್ನೊಂದು ಕಡೆ ಇಟ್ಟರೂ ಇದೇ ಭಾರ. ನಾನು ಕಾಣದ ಒಂದು ಹುಡುಗಿಯ ಜೇಬಿನ ಆರು ಕಾಳನ್ನು ನಾನೇ ಎಣಿಸುತ್ತ ಕೂತಿದ್ದೆ. ವಕೀಲರು ಹತ್ತಿಯ ಹಿಂದೆ ಕೂತು, ಇನ್ನೂ ಯಾಕೆ ಮುಗಿಯಲಿಲ್ಲ ಎಂಬಂತೆ ನನ್ನ ಪೆನ್ನನ್ನೇ ನೋಡುತ್ತಿದ್ದರು.

ಚೀಟಿ ಹಾಕುವ ಹಿಂದಿನ ದಿನ ಸಂಜೆ ನಾಲ್ಕಕ್ಕೆ ಬಯಲಿನಲ್ಲಿ ವಕೀಲರ ಸಭೆ. ಅವರ ಮೇಲಿನ ಅಭಿಮಾನದಿಂದ ಊರಿನವರು ಒಂದು ತೀರ್ಮಾನಕ್ಕೆ ಬಂದಿದ್ದರು. ನಮ್ಮ ನೋವನ್ನೆಲ್ಲ ಒಬ್ಬರೇ ಹೊತ್ತಿದ್ದಾರೆ, ಇವತ್ತು ಅವರ ಭಾಷಣವನ್ನು ಎಲ್ಲರೂ ಪೂರ್ತಿ ಕೇಳೋಣ, ಎರಡು ಸಾವಿರ ಜನಕ್ಕೆ ಹಂಚಿದರೆ ತಲೆಗೊಂದು ಚಿಟಿಕೆ, ಅವರ ಮೈಯೂ ಹಗುರಾದೀತು ಎಂದು. ಜಮಖಾನೆ, ಮುಲಾಮು, ಬಿಸಿನೀರಿನ ಫ್ಲಾಸ್ಕು ಹಿಡಿದುಕೊಂಡು ಬಂದು ಕೂತರು. ಒಳ್ಳೆಯತನಕ್ಕೇನೂ ಕಡಿಮೆಯಿಲ್ಲ ನಮ್ಮವರಲ್ಲಿ, ತಲೆಯದೇ ಕೊರತೆ.

ವಕೀಲರಿಗೆ ಇದು ತಿಳಿದಿರಲಿಲ್ಲ. ಅವರು ನನ್ನ ನೋಟ್‌ಬುಕ್ಕು ನೋಡಿಕೊಂಡು ಮುಕ್ಕಾಲು ತಾಸು ಮಾತಾಡಿದರು. "ಈರಪ್ಪನ ಕೈನಡುಕ ಈ ಕೈಯಾಗ ಐತಿ! ಅಜ್ಜಿ ಮೊಣಕಾಲು ಈ ಕಾಲಾಗ ಐತಿ! ನನ್ನ ಜನರ ನೋವು ಹೊತ್ತುಕೊಂಡು ನಿಮ್ಮ ಮುಂದ ನಿಂತೀನಿ!" ಎಂದು ಕೂಗಿ, ಬೆವರು ಒರೆಸಿ, "ಇಲ್ಲಿಗೆ ನನ್ನ ಮಾತು ಮುಗೀತು" ಎಂದರು.

ಎರಡು ಸಾವಿರ ಜನ, ಒಬ್ಬೊಬ್ಬರು ಒಂದೊಂದು ಕಡೆ ಕೈ ಇಟ್ಟುಕೊಂಡು, ಉಸಿರು ಬಿಗಿಹಿಡಿದು ಕಾದರು. ಏನೂ ಬರಲಿಲ್ಲ. ಮುಲಾಮಿನ ಡಬ್ಬಿ ತೆರೆದವರು ತೆರೆದೇ ಕೂತಿದ್ದರು. ಕೂದಲೆಳೆಯಷ್ಟು ನೋವೂ ಯಾರಿಗೂ ತಾಕಲಿಲ್ಲ. ವಕೀಲರ ಮುಖ ಬಿಳಿಚಿಕೊಂಡಿದ್ದು ಕಂಡಿತು. ತಾನು ಮಾಡಿದ್ದೇನೆಂದು ಆಗ ಹೊಳೆದಿರಬೇಕು. ಗಿರಣಿ ಮಾಲೀಕನ ಕಡೆಯವರು ನಗತೊಡಗಿದರು. ನಾನು ವೇದಿಕೆಯ ಪಕ್ಕದಲ್ಲಿ ನಡುಗುವ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಸಿಕ್ಕಿಬಿದ್ದ, ಈಗ ಸಿಕ್ಕಿಬಿದ್ದ ಎಂದುಕೊಂಡೆ. ನನಗೆ ಭಯಕ್ಕಿಂತ ಖುಷಿಯೇ ಆಗಿತ್ತು.

ಆಗ ಹವಾಲ್ದಾರ ತಿಪ್ಪಣ್ಣ ಎದ್ದು ನಿಂತ. ಅವನ ಕಣ್ಣಲ್ಲಿ ನೀರು.

"ನೋಡ್ರೋ ಮಹಾತ್ಮನ್ನ! ಇಷ್ಟೆಲ್ಲಾ ಬಾಯಿಬಿಟ್ಟು ಹೇಳಿದ್ರೂ ನಮಗ ಒಂದ ಚೂರರ ಬಿಟ್ಟುಕೊಟ್ರೇನು? ಎಲ್ಲಾ ತಮ್ಮ ಹತ್ರನ ಇಟ್ಕೊಂಡ್ರು! ಇಂಥಾ ಮನಷ್ಯಾನ್ನ ಎಲ್ಲೆರ ಕಂಡೀರೇನ್ರೋ?"

ಜನ ಒಮ್ಮೆಲೇ ಎದ್ದು ಅತ್ತರು, ಚಪ್ಪಾಳೆ ಹೊಡೆದರು, ವಕೀಲರನ್ನು ಹೆಗಲ ಮೇಲೆ ಎತ್ತಿಕೊಂಡರು. ನಕ್ಕ ಗಿರಣಿಯವರಿಗೆ ಎರಡು ಏಟೂ ಬಿದ್ದವು. ಮಾರನೆಯ ದಿನದ ಎಣಿಕೆಯಲ್ಲಿ ಉಳಿದ ಹದಿನಾರು ಮಂದಿಯ ಚೀಟಿ ಒಟ್ಟು ಸೇರಿಸಿದರೂ ವಕೀಲರ ಅರ್ಧಕ್ಕೆ ಬರಲಿಲ್ಲ. ಫೋಟೋಗ್ರಾಫರಿಗೆ ಅವರದೇ ಓಟೂ ಬಿದ್ದಿರಲಿಲ್ಲ.

ಟಿಕೆಟ್ ಬಂದ ನಾಲ್ಕನೆಯ ದಿನ ಫಕೀರವ್ವ ಆಫೀಸಿನ ಹೊಸ್ತಿಲಲ್ಲಿ ನಿಂತಿದ್ದಳು.

"ವಕೀಲರ, ನನ್ನ ದುಃಖ ನನಗ ತಿರುಗಿ ಕೊಡ್ರಿ."

ವಕೀಲರ ಅಂಗೈ ತಾನಾಗಿಯೇ ಮೇಲೆದ್ದಿತು. ಅವಳು ನಿಲ್ಲಿಸಲಿಲ್ಲ. "ನಿದ್ದಿ ಚಲೋ ಬರತೈತ್ರಿ. ಊಟ ಸೇರತೈತಿ. ಆದ್ರ ಆಕಿ ಫ್ರಾಕು ಕೈಯಾಗ ಹಿಡಿದ್ರ ಅಂಗಡ್ಯಾಗಿನ ಅರಿಬಿ ಹಿಡಿದಂಗ ಆಗತೈತ್ರಿ. ಆಕಿ ಮಾರಿ ನೆನಪೈತಿ, ಏನೂ ಅನ್ಸಂಗಿಲ್ಲ. ಎಂಟು ತಿಂಗಳು ಆಕಿ ನನ್ನ ಕೂಡನ ಇದ್ಲು. ಈಗ ಸತ್ತಾಳ್ರಿ."

"ಫಕೀರವ್ವ, ಅದು ನನ್ನ ಎದಿಯಾಗ ಭದ್ರ ಐತಿ. ಒಬ್ಬರಿಗೆ ಕೊಟ್ರ ಎಲ್ಲಾರೂ ಕೇಳ್ತಾರ. ಅದು ಈಗ ಜನರ ಆಸ್ತಿ ಇದ್ದಂಗ. ಸಾಕು, ತಿಳೀತು, ಹೋಗ್ ಬಾ."

ನಾನು ಎರಡು ಮಾರು ದೂರದಲ್ಲಿ ಟೈಪು ಮಾಡುತ್ತಿದ್ದೆ. ಇಲ್ಲೇ ಇದೆ ತಾಯಿ, ನನ್ನ ಹತ್ತಿರ ಇದೆ ಎಂದು ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಪಕ್ಷ ಟಿಕೆಟ್ ಕಿತ್ತುಕೊಳ್ಳುತ್ತಿತ್ತು, ವಕೀಲರು ಗೆಲ್ಲದಿದ್ದರೆ ಕರಾರು ಬಿದ್ದುಹೋಗುತ್ತಿತ್ತು, ಇಪ್ಪತ್ತೈದು ನೋವೂ ನನ್ನ ಕೊರಳಿಗೇ ಉಳಿಯುತ್ತಿದ್ದವು. ನಾನೂ ಅವರಷ್ಟೇ ಲೆಕ್ಕ ಹಾಕಿದೆ. ಅವಳು ಇನ್ನೂ ಎರಡು ಸಲ ಬಂದಳು, ಎರಡು ಸಲವೂ ನಾನು ತಲೆ ಎತ್ತಲಿಲ್ಲ. ಇದನ್ನು ಬರೆಯುವಾಗ ಇವತ್ತಿಗೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಮೊರ ಗೆದ್ದಿತು. ಫಲಿತಾಂಶದ ಮರುದಿನ ನಾನು ಕರಾರಿನ ಕಾಗದ ಮೇಜಿನ ಮೇಲಿಟ್ಟೆ. ವಕೀಲರು ಅದನ್ನು ಎರಡೂ ಕಡೆ ತಿರುಗಿಸಿ ನೋಡಿದರು.

"ಕೇಳ್ತೀನಿ ಅಂತ ಐತಿ, ಹೌದು. ಯಾವಾಗ ಅಂತ ಎಲ್ಲೈತಿ? ಅಧಿವೇಶನ ಮುಗೀಲಿ, ನೋಡೂಣು." ಆಮೇಲೆ ದನಿ ಮೆತ್ತಗೆ ಮಾಡಿದರು. "ಇನ್ನೊಂದು ಮಾತು. ನಿನ್ನ ಟೈಪಿಂಗಿನ್ಯಾಗ ಭಾಳ ತಪ್ಪು ಬರಾಕತ್ತಾವ. ಕೈ ನಡುಗತಾವಲ್ಲಾ. ಬರೂ ತಿಂಗಳಿಂದ ಬ್ಯಾರೆಯವರು ಬರ್ತಾರ. ಭಾನುವಾರ ನನ್ನ ಸನ್ಮಾನ ಐತಿ, ವಂದನಾರ್ಪಣೆ ನೀನ ಮಾಡು. ಹನ್ನೊಂದು ವರ್ಷದ ಋಣ, ನಿನಗೂ ವೇದಿಕಿ ಸಿಕ್ಕಂಗ ಆಗತೈತಿ."

ಕೈ ಯಾಕೆ ನಡುಗುತ್ತಿದೆ ಎಂದು ಜಗತ್ತಿನಲ್ಲಿ ಗೊತ್ತಿದ್ದವರು ನಾವಿಬ್ಬರೇ. ಅವರು ಅದನ್ನು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. ನಾನು ಕಾಗದ ಮಡಚಿಕೊಂಡು ಹೊರಬಂದೆ. ಕಾಲು ತಾನಾಗಿಯೇ ಮಂಡಕ್ಕಿ ಭಟ್ಟಿಯ ಕಡೆ ಹೋಯಿತು. ಇನ್ನು ಕಾಯಲು ನನಗೆ ಏನೂ ಉಳಿದಿರಲಿಲ್ಲ.

ಫಕೀರವ್ವ ಮಧ್ಯಾಹ್ನದ ಊಟಕ್ಕೆ ಕೂತಿದ್ದಳು. "ಬಾ ಯಕ್ಕಾ" ಎಂದು ಜಾಗ ಮಾಡಿದಳು. ನಾನು ಕೂತು, ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳತೊಡಗಿದೆ. ಮೊದಲ ಮಾತಿಗೇ ಅವಳಿಗೆ ಅರ್ಥವಾಯಿತು. ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು, ಎರಡೂ ಕೈಯಿಂದ ನನ್ನ ಮುಂಗೈ ಹಿಡಿದುಕೊಂಡು, ಒಂದೊಂದು ಶಬ್ದವನ್ನೂ ನುಂಗುವವಳಂತೆ ಕೇಳಿದಳು. ಫ್ರಾಕಿನ ಜೇಬು ಬಂತು, ಆರು ಕಾಳು ಬಂತು, ಮಾತು ಮುಗಿಯಿತು. ಅವಳು ಬಾಯಿ ಬಿಟ್ಟು ಅತ್ತಳು. "ಬಂದ್ಲು ಯಕ್ಕಾ, ಬಂದ್ಲು" ಎಂದಳು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೆ ನನ್ನನ್ನು 'ಮೂಳಿ' ಎಂದು ಬೈದಳು, ಬೈದು ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟಳು. ನನ್ನ ಎದೆಯಲ್ಲಿ ಅಷ್ಟು ದಿನ ಕೂತಿದ್ದ ಕಲ್ಲು ಇರಲಿಲ್ಲ. ಹಗುರಾಗುವುದು ಅಂದರೆ ಏನೆಂದು ಆಗ ಗೊತ್ತಾಯಿತು, ಗೊತ್ತಾದ ಮೇಲೆ ಉಳಿದ ಇಪ್ಪತ್ತೈದನ್ನು ಹೊತ್ತು ತಿರುಗುವ ಮನಸ್ಸು ನನಗೆ ಒಂದಿಷ್ಟೂ ಉಳಿಯಲಿಲ್ಲ. ಈರಪ್ಪ ಮಗ್ಗದ ಮೇಲೆ ಕೂತಿದ್ದ, ಅಜ್ಜಿ ಸಂತೆಗೆ ನಡೆದು ಹೋಗುತ್ತಿದ್ದಳು. ಅವರಿಗೆ ತಿರುಗಿ ಕೊಡಲು ನಾನೇನು ಎಮ್ಮೆಲ್ಲೆಯೇ?

ಭಾನುವಾರದ ಸನ್ಮಾನಕ್ಕೆ ಊರೇ ಸೇರಿತ್ತು. ವೇದಿಕೆಯ ಮೇಲೆ ಬಂದ ಕೂಡಲೇ ವಕೀಲರು, ಜನರ ನಡುವೆ ಹೋಗುವಾಗ ಈಗಲೂ ಇಟ್ಟುಕೊಳ್ಳುತ್ತಿದ್ದ ಕಿವಿಯ ಹತ್ತಿ ಎರಡನ್ನೂ ತೆಗೆದು ಎಲೆಅಡಿಕೆ ತಟ್ಟೆಯ ಅಂಚಿಗೆ ಇಟ್ಟಿದ್ದನ್ನು ನಾನು ನೋಡಿದೆ. ಇವತ್ತು ಹೊಗಳಿಕೆ ಬಿಟ್ಟು ಬೇರೇನೂ ಬರುವುದಿಲ್ಲ ಎಂದು ಅವರಿಗೆ ಖಾತ್ರಿಯಿತ್ತು. ಏಳು ಮಂದಿ ಹೊಗಳಿದರು. ಏಳೂ ಮಂದಿಯನ್ನು ಅವರು ತಲೆ ವಾಲಿಸಿ, ಅರೆಗಣ್ಣು ಮುಚ್ಚಿ, ಕೊನೆಯ ಅಕ್ಷರದವರೆಗೆ ಕೇಳಿದರು. ಆ ಮನುಷ್ಯ ಪೂರ್ತಿ ಕೇಳಬಲ್ಲ ಸಂಗತಿ ಲೋಕದಲ್ಲಿ ಒಂದಾದರೂ ಇದೆ ಎಂದು ಅವತ್ತು ನನಗೆ ತಿಳಿಯಿತು.

"ಈಗ ವಂದನಾರ್ಪಣೆ" ಎಂದು ನಿರೂಪಕರು ಹೇಳಿದ್ದೇ ತಡ, ಕುರ್ಚಿಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ವಂದನಾರ್ಪಣೆಗೆ ಕೂತವರುಂಟೆ? ಊಟದ ಶಾಮಿಯಾನದ ಕಡೆಯಿಂದ ಹೋಳಿಗೆಯ ಘಮ ಬರುತ್ತಿತ್ತು. ಮುಖ್ಯ ಅತಿಥಿಗಳು ಹೋದರು, ನಿರೂಪಕರು ಹೋದರು, ಮೈಕಿನವನು ಮೈಕು ಆರಿಸಿ ಅವರ ಹಿಂದೆಯೇ ಓಡಿದ. ವೇದಿಕೆಯ ಮೇಲೆ ಹಾರಗಳ ನಡುವೆ ಕೂತ ವಕೀಲರು, ನಾನು, ಇಬ್ಬರೇ. ಮೈಕಿಲ್ಲದೆ ಸರಿಯಾಗಿ ಕೇಳಿಸದೆಂದು ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಸನ್ಮಾನ್ಯ ಶಾಸಕರು ನೇಕಾರ ಈರಪ್ಪನವರ ಕೈನಡುಕವನ್ನು ಸಹಿಸಿದರು" ಎಂದು ಶುರು ಮಾಡಿದೆ. ಬೆಳಗಿನ ಹೊತ್ತು ಆ ನಡುಕ ಹೇಗೆ ಮೊಣಕೈಯಿಂದ ಇಳಿಯುತ್ತದೆ, ಲೋಟ ಹಿಡಿದರೆ ನೀರು ಹೇಗೆ ತುಳುಕುತ್ತದೆ, ಸೂಜಿಗೆ ದಾರ ಪೋಣಿಸಲು ಹೋದರೆ ಹೇಗೆ ಅಳು ಬರುತ್ತದೆ, ಎಲ್ಲವನ್ನೂ ಹೇಳಿದೆ. ಅವರು ಮುಗುಳ್ನಕ್ಕರು. ಅಜ್ಜಿಯ ಮೊಣಕಾಲಿಗೆ ಬಂದೆ, ಮಾಸ್ತರರ ಹಲ್ಲಿಗೆ ಬಂದೆ. ಇದು ದಾಟುತ್ತದೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ನೋವು ನನ್ನದು, ಬಾಯಿ ನನ್ನದು, ಯಾರ ಹೆಸರಿನಲ್ಲಿ ಹೇಳಿದರೇನು ಎಂಬ ಧೈರ್ಯ ಅಷ್ಟೇ. ಹದಿನೆಂಟನೆಯದಕ್ಕೆ ಬಂದಾಗ ಅವರ ಹುಬ್ಬು ಗಂಟಾಯಿತು. ಎಷ್ಟಾದರೂ ವಕೀಲರು. ಅಂಗೈ ಮಡಿಲಿನಿಂದ ಮೇಲೇಳತೊಡಗಿತು. "ಇಂಥ ಮಹನೀಯರು ನೂರು ವರ್ಷಕ್ಕೊಮ್ಮೆ ಹುಟ್ಟುತ್ತಾರೆ" ಎಂದೆ. ಅಂಗೈ ಕೆಳಗಿಳಿಯಿತು. ಇಪ್ಪತ್ತೆರಡರ ಹೊತ್ತಿಗೆ ಮತ್ತೆ ಎದ್ದಿತು. "ಮಂತ್ರಿ ಪದವಿ ಇವರನ್ನು ಹುಡುಕಿಕೊಂಡು ಬರುತ್ತದೆ ಎಂದು ಊರೆಲ್ಲ ಮಾತಾಡಿಕೊಳ್ಳುತ್ತಿದೆ" ಎಂದೆ. ಅವರು ಹಾರ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ಕೊನೆಗೆ ಹವಾಲ್ದಾರ ತಿಪ್ಪಣ್ಣನದನ್ನು, ಅವನು ಹೇಳಿದಷ್ಟೇ ವಿವರವಾಗಿ, ಈ ಸಲ ಸ್ವಲ್ಪವೂ ನಾಚಿಕೊಳ್ಳದೆ ಹೇಳಿ, "ಇವರಿಗೆ ವಂದನೆಗಳನ್ನು ಸಲ್ಲಿಸುತ್ತ ನನ್ನ ಮಾತು ಮುಗಿಸುತ್ತೇನೆ" ಎಂದೆ.

ನನ್ನ ಕೈ ನಿಂತಿತು. ಬೆರಳುಗಳನ್ನು ಬಿಡಿಸಿ ನೋಡಿಕೊಂಡೆ, ಹತ್ತೂ ನನ್ನವೇ. ವಕೀಲರು ಕುರ್ಚಿಯಿಂದ ಧಡಕ್ಕನೆ ಎದ್ದರು, ಎದ್ದವರು ಮೊಣಕಾಲು ಹಿಡಿದುಕೊಂಡು ಕೂತರು, ಕೂತವರು ಚೀರಿ ಮತ್ತೆ ಎದ್ದರು. ಒಂದು ಕೈ ದವಡೆಗೆ ಹೋಯಿತು, ಇನ್ನೊಂದು ಕೈ ಹಾರದ ಹೂಗಳನ್ನು ಉದುರಿಸುತ್ತ ನಡುಗಿತು. ಆ ದಿನ ಅವರು ಎದೆಯನ್ನು ಮಾತ್ರ ಹಿಡಿದುಕೊಳ್ಳಲಿಲ್ಲ. ಶಾಮಿಯಾನದಿಂದ ತಟ್ಟೆ ಹಿಡಿದುಕೊಂಡು ನೋಡಿದವರು "ಪಾಪ, ಇಷ್ಟು ದಿವಸ ತೋರಿಸಿಕೊಳ್ಳದ ತಡಕೊಂಡಿದ್ರು ನೋಡ್ರಿ, ದೊಡ್ಡ ಮನಷ್ಯಾ" ಎಂದು ಮರುಗಿ, ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಅವರು ಕುಂಟುತ್ತ ಇಳಿದು ಬಂದು ತಿಪ್ಪಣ್ಣನ ಎದುರು ನಿಂತು "ತಿಪ್ಪಣ್ಣ, ನನಗ ಕೂಡಾಕ..." ಎಂದರು. ತಿಪ್ಪಣ್ಣ ಗೌರವದಿಂದ ಅಂಗೈ ಎತ್ತಿ "ಸಾಕ್ರಿ ಸಾಹೇಬ್ರ, ತಿಳೀತು" ಎಂದು ಕಣ್ಣೊರೆಸಿಕೊಂಡು ಸಾರಿನ ಕಡೆ ಹೋದ. ಗಿರಣಿ ಮಾಲೀಕ, ಹೆಡ್ಮಾಸ್ತರರು, ಪೈಲ್ವಾನ, ಎಲ್ಲರ ಮುಂದೆಯೂ ಅವರು ನಿಂತರು. ಎಲ್ಲರೂ ಮರ್ಯಾದಸ್ಥರು.

ನಾನು ಊಟದ ಸಾಲಿನಲ್ಲಿ ನಿಂತಿದ್ದೆ. "ನೀಲವ್ವನವರ" ಎಂದು ಬೆನ್ನ ಹಿಂದೆ ಯಾರೋ ಕರೆದರು. ಹನ್ನೊಂದು ವರ್ಷದಲ್ಲಿ ಆ ಬಾಯಿಂದ ಅಂಥ ಮರ್ಯಾದೆ ಕೇಳಿರಲಿಲ್ಲ, ಹಾಗಾಗಿ ವಕೀಲರೇ ಕರೆಯುತ್ತಿದ್ದಾರೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ನಿಮಗ ಕೈ ಮುಗೀತೀನ್ರಿ. ಕೆಲಸ ನಿಮಗ ಇರ್ಲಿ, ಏನ್ ಬೇಕಾದ್ರೂ ಇರ್ಲಿ. ನನ್ನ ಮಾತು ಒಂದ ಸಲ ಪೂರ್ತಿ ಕೇಳ್ರಿ. ಮೊದಲ ಈ ಕೈ ಐತಲ್ರಿ, ಆಮ್ಯಾಲೆ ಮೊಣಕಾಲು..."

ನಾನು ಮೊಣಕಾಲಿನವರೆಗೆ ಕೇಳಿದೆ. ಅಷ್ಟರಲ್ಲಿ ಬಡಿಸುವವನು ನನ್ನ ತಟ್ಟೆಗೆ ಹೋಳಿಗೆ ಹಾಕಿದ. ಬಿಸಿಯಾಗಿತ್ತು, ತುಪ್ಪ ಹಾಕಿಸಿಕೊಂಡು ಹೋಗಿ ಕೂತೆ.